ಟೇಪೋ, ತೂಕದ ಯಂತ್ರವೋ, ಸ್ಕ್ಯಾನೋ: ಮನೆಯವರ ಮೈ ಅಳೆಯಲು ಯಾವುದನ್ನು ಆರಿಸಿಕೊಳ್ಳಬೇಕು?

ನಮ್ಮ ಕೊಡಗಿನ ಹಾಕಿ ಹಬ್ಬದ ಗದ್ದಲ ಮುಗಿದು ಮಳೆ ಹಿಡಿಯುವ ಹೊತ್ತಿಗೆ ಪ್ರತಿವರ್ಷ ನನಗೆ ಇಂಥ ಪ್ರಶ್ನೆಗಳು ಬರುತ್ತವೆ. ಈ ಸಲ ಒಂದೇ ವಾರದಲ್ಲಿ ಮೂರು ಬಂದವು. ನಾಪೋಕ್ಲು ಕಡೆಯ ಒಂದು ಕ್ರೀಡಾ ಸಂಘದವರು, ಕೈಯಲ್ಲಿ ಹತ್ತು ಸಾವಿರ ಇದೆ, ಅಭ್ಯಾಸಕ್ಕೆ ಬರುವ ಮಕ್ಕಳ ಮೈ ಅಳೆದಿಡಲು ಏನು ಕೊಳ್ಳೋಣ ಎಂದು ಕೇಳಿದರು. ಸೋಮವಾರಪೇಟೆಯ ತಾಯಿಯೊಬ್ಬರಿಗೆ ಬೇರೆ ಚಿಂತೆ. ಏಳನೇ ಕ್ಲಾಸಿನ ಮಗಳು ವರ್ಷದೊಳಗೆ ಮೈ ತುಂಬಿಕೊಂಡಿದ್ದಾಳೆ, ಕೊಬ್ಬಿನ ಶೇಕಡಾವಾರು ತೋರಿಸುವ ತೂಕದ ಯಂತ್ರ ತರಿಸಲೇ ಎಂದರು. ಗೋಣಿಕೊಪ್ಪದ ಬೆಳೆಗಾರರೊಬ್ಬರಿಗೆ 58 ವರ್ಷ. ಅವರ ಪ್ಯಾಂಟಿನ ಸೈಜು ಇಪ್ಪತ್ತು ವರ್ಷದಿಂದ 34ರಲ್ಲೇ ನಿಂತಿದೆ, ಡಾಕ್ಟರು ಮಾತ್ರ ಹೊಟ್ಟೆ ಕರಗಿಸಿ ಎನ್ನುತ್ತಾರೆ, ಯಾರನ್ನು ನಂಬಲಿ ಎಂದು ಅವರ ಪ್ರಶ್ನೆ.

ನಾನು ದೈಹಿಕ ಶಿಕ್ಷಣದ ಶಿಕ್ಷಕಿ. ಅದಕ್ಕೂ ಮೊದಲು ದರ್ಜಿಯ ಮಗಳು. ವಿರಾಜಪೇಟೆಯಲ್ಲಿ ಅಪ್ಪನ ಅಂಗಡಿಯಲ್ಲಿ ಕೂತು, ಅವರು ಅಳತೆ ಹೇಳಿದ ಹಾಗೆ ಪುಸ್ತಕದಲ್ಲಿ ಬರೆದುಕೊಳ್ಳುವುದು ನನ್ನ ಕೆಲಸವಾಗಿತ್ತು. ಒಬ್ಬರೇ ಗಿರಾಕಿಯ ಅಳತೆ ಇಪ್ಪತ್ತು ಮೂವತ್ತು ವರ್ಷ ಅದೇ ಪುಸ್ತಕಗಳಲ್ಲಿ ಸಿಗುತ್ತಿತ್ತು. ಮದುವೆಯ ರವಿಕೆ, ಎರಡು ಹೆರಿಗೆಯಾದ ಮೇಲಿನದು, ಮಗಳ ಮದುವೆಗೆ ಹೊಲಿಸಿದ್ದು. ಹೆಗಲಿನ ಅಳತೆ ಹೆಚ್ಚುಕಡಿಮೆ ಅಷ್ಟೇ ಇರುತ್ತಿತ್ತು, ಹೊಟ್ಟೆ ಮತ್ತು ತೋಳಿನ ಸುತ್ತಳತೆ ಮಾತ್ರ ಪ್ರತಿಸಲ ಬೇರೆ. ಮೈ ಎಲ್ಲ ಕಡೆ ಒಂದೇ ಸಮನೆ ದಪ್ಪವಾಗುವುದಿಲ್ಲ, ಹೆಂಗಸರಲ್ಲಿ ಒಂದು ಕಡೆ, ಗಂಡಸರಲ್ಲಿ ಇನ್ನೊಂದು ಕಡೆ, ವಯಸ್ಸಿನೊಂದಿಗೆ ಮತ್ತೊಂದು ಕಡೆ ಎನ್ನುವುದನ್ನು ನಾನು ಮೊದಲು ಕಲಿತದ್ದು ಆ ಪುಸ್ತಕಗಳಿಂದ.

ಮೊದಲು ಏನನ್ನು ಕೇಳಿಕೊಳ್ಳಬೇಕು

ಉಪಕರಣದ ಬೆಲೆ ಆಮೇಲೆ ನೋಡೋಣ. ಯಾರನ್ನು ಅಳೆಯುತ್ತೀರಿ, ಯಾಕೆ ಅಳೆಯುತ್ತೀರಿ ಎನ್ನುವುದು ಮೊದಲು ತೀರ್ಮಾನವಾಗಬೇಕು. ಎರಡು ವರ್ಷದ ಮಗುವಿಗೆ ಹೊಂದುವ ಅಳತೆ ಅಜ್ಜಿಗೆ ಹೊಂದುವುದಿಲ್ಲ. ಎರಡನೆಯದು, ಅದೇ ಕೈ ನಾಳೆ ಮತ್ತೆ ಅಳೆದರೆ ಅದೇ ಅಂಕಿ ಬರುತ್ತದೆಯೇ? ಮೂರನೆಯದು, ಘಾಟಿ ಇಳಿಯದೆ ನಮ್ಮಲ್ಲೇ ಮಾಡಿಸಬಹುದೇ, ವರ್ಷವರ್ಷವೂ ಮಾಡಿಸುವಷ್ಟು ಅಗ್ಗವೇ?

ನಾಲ್ಕನೆಯ ಪ್ರಶ್ನೆಯನ್ನು ಹೆಚ್ಚಿನವರು ಕೇಳುವುದೇ ಇಲ್ಲ. ಈ ಉಪಕರಣ ವಯಸ್ಸು ಮತ್ತು ಹೆಣ್ಣು–ಗಂಡಿನ ವ್ಯತ್ಯಾಸವನ್ನು ನಿಜವಾಗಿ ಅಳೆಯುತ್ತದೆಯೋ, ಅಥವಾ ನಾವೇ ಹೇಳಿದ್ದನ್ನು ಸೂತ್ರಕ್ಕೆ ಸೇರಿಸಿ ನಮಗೇ ವಾಪಸು ಕೊಡುತ್ತದೆಯೋ?

ಇದೆಲ್ಲದರ ಜೊತೆ ಅಳೆಸಿಕೊಳ್ಳುವವರ ಮಾನದ ವಿಷಯವಿದೆ. ನನ್ನ ವಿದ್ಯಾರ್ಥಿನಿ ಒಬ್ಬಳನ್ನು ಒಂದು ವ್ಯಾಯಾಮ ಶಾಲೆಯಲ್ಲಿ ಯಂತ್ರದ ಮೇಲೆ ನಿಲ್ಲಿಸಿ, ಬಂದ ಅಂಕಿಯನ್ನು ಎಲ್ಲರ ಎದುರು ಗಟ್ಟಿಯಾಗಿ ಓದಿದರು. ಅವಳಿಗೆ ಹದಿನೈದು ವರ್ಷ. ಅವಳು ಮಧ್ಯಾಹ್ನದ ಊಟ ಬಿಟ್ಟಿದ್ದಾಳೆ ಎಂದು ನಮಗೆ ಗೊತ್ತಾಗಿದ್ದು ತಿಂಗಳ ಮೇಲೆ, ಮೈದಾನದಲ್ಲಿ ತಲೆ ಸುತ್ತಿ ಬಿದ್ದಾಗ. ಅಂದಿನಿಂದ ಅಳತೆಯ ವಿಷಯದಲ್ಲಿ ಮಾನದ ಪ್ರಶ್ನೆಯನ್ನು ನಾನು ಬೆಲೆಗಿಂತ ಮೇಲಿಟ್ಟಿದ್ದೇನೆ.

ತೂಕ ಮತ್ತು ಎತ್ತರ: ಬಿಎಂಐ

ಕಿಲೋ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಅಂಕಿ ಇದು. ಬೆಲ್ಜಿಯಂನ ಅಡಾಲ್ಫ್ ಕ್ವೆಟ್ಲೆ ಎಂಬ ಗಣಿತಜ್ಞ 1830ರ ದಶಕದಲ್ಲೇ ಇದನ್ನು ಹೇಳಿದ್ದರು. ಅವರು ಹುಡುಕುತ್ತಿದ್ದದ್ದು ‘ಸರಾಸರಿ ಮನುಷ್ಯ’ನನ್ನು, ಒಬ್ಬೊಬ್ಬರ ಕೊಬ್ಬನ್ನಲ್ಲ. ಬಾಡಿ ಮಾಸ್ ಇಂಡೆಕ್ಸ್, ಅಂದರೆ ಬಿಎಂಐ ಎಂಬ ಇಂದಿನ ಹೆಸರು ಕೊಟ್ಟವರು ಅಮೆರಿಕದ ವಿಜ್ಞಾನಿ ಆನ್ಸೆಲ್ ಕೀಸ್, 1972ರಲ್ಲಿ. ನಮ್ಮ ದೇಶದಲ್ಲಿ ದೊಡ್ಡವರಿಗೆ 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು ಎಂದು ಹಿಡಿಯುತ್ತಾರೆ. ಪಶ್ಚಿಮದ ದೇಶಗಳ ಪಟ್ಟಿಯಲ್ಲಿ ಅದು 25 ಮತ್ತು 30.

ನಮ್ಮ ಗಡಿ ಕೆಳಗಿರುವುದಕ್ಕೆ ಕಾರಣವನ್ನು ಒಂದು ಫೋಟೋದಿಂದ ನಾನು ಮಕ್ಕಳಿಗೆ ಹೇಳಿಕೊಡುತ್ತೇನೆ. ಪುಣೆಯ ವೈದ್ಯ ಯಾಜ್ಞಿಕ್ ಮತ್ತು ಲಂಡನ್ನಿನ ವೈದ್ಯ ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮಿಬ್ಬರ ಫೋಟೋವನ್ನೇ ಹಾಕಿದರು. ಇಬ್ಬರ ಬಿಎಂಐ 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇಕಡಾ 9.1, ಯಾಜ್ಞಿಕ್ ಮೈಯಲ್ಲಿ ಶೇಕಡಾ 21.2. ನೋಡಲು ಇಬ್ಬರೂ ತೆಳ್ಳಗೆ.

ನಮ್ಮ ಬೆಳೆಗಾರರ ವಿಷಯಕ್ಕೆ ಬರೋಣ. ಎತ್ತರ 172 ಸೆಂ.ಮೀ., ತೂಕ 71 ಕಿಲೋ, ಬಿಎಂಐ 24. ಅವರ ತೋಟದಲ್ಲೇ ಕಾಫಿ ಕುಯ್ಯುವ ಹೆಂಗಸೊಬ್ಬರ ಎತ್ತರ 150, ತೂಕ 54. ಅವರದೂ ಸರಿಯಾಗಿ 24. ಒಬ್ಬರದು ಜೀಪಿನಲ್ಲಿ ಓಡಾಡುವ ಮೈ, ಇನ್ನೊಬ್ಬರದು ದಿನವಿಡೀ ಏರಿನಲ್ಲಿ ಹತ್ತಿ ಇಳಿದು ಮೂಟೆ ಹೊತ್ತ ಮೈ. ತೂಕದ ಯಂತ್ರಕ್ಕೆ ಇಬ್ಬರೂ ಒಂದೇ.

ಹಾಗೆಂದು ಬಿಎಂಐ ಬಿಸಾಡಬೇಡಿ. ಒಬ್ಬರದೇ ತೂಕ ವರ್ಷದಿಂದ ವರ್ಷಕ್ಕೆ ಎತ್ತ ಹೋಗುತ್ತಿದೆ ಎಂದು ನೋಡಲು ಇದಕ್ಕಿಂತ ಸುಲಭದ್ದಿಲ್ಲ. ಸಾದಾ ಡಿಜಿಟಲ್ ಯಂತ್ರ ಸಾವಿರ, ಒಂದೂವರೆ ಸಾವಿರಕ್ಕೆ ಸಿಗುತ್ತದೆ. ಆದರೆ ಮಣ್ಣಿನ ನೆಲ, ಚಾಪೆ, ಕಾರ್ಪೆಟ್ಟಿನ ಮೇಲೆ ಇಡಬೇಡಿ. ತೋಟದ ಕೆಲಸಗಾರರ ಲೈನ್ ಮನೆಗಳಲ್ಲಿ ಅಳೆಯುವಾಗ ನಾನು ದಪ್ಪ ಹಲಗೆಯೊಂದನ್ನು ಜೊತೆಗೇ ಒಯ್ಯುತ್ತೇನೆ. ಮಳೆಗಾಲದ ಸ್ವೆಟರು, ಗಂಬೂಟು ಕಳಚಿಸಿ ತೂಗಿ. ಜುಲೈಯಲ್ಲಿ ಸ್ವೆಟರಿನೊಂದಿಗೆ ತೂಗಿ, ಮಾರ್ಚಿನಲ್ಲಿ ಅಂಗಿಯಲ್ಲಿ ತೂಗಿ, ಒಂದು ಕಿಲೋ ಇಳಿದೆ ಎಂದು ಸಂತೋಷಪಟ್ಟವರನ್ನು ನೋಡಿದ್ದೇನೆ.

ಟೇಪು

ನನ್ನ ಒಲವು ಎತ್ತ ಎಂದು ಈಗಲೇ ಹೇಳಿಬಿಡುತ್ತೇನೆ: ದೊಡ್ಡವರಿರುವ ಮನೆಗೆ ಮೊದಲು ಬೇಕಾದದ್ದು ಟೇಪು. ನೂರು ರೂಪಾಯಿಯೊಳಗಿನ ಈ ವಸ್ತುವಿಗೆ ಕಾಣುವುದು ಯಂತ್ರಕ್ಕೆ ಕಾಣುವುದಿಲ್ಲ. ಮೇಲಿನ ಇಬ್ಬರಿಗೂ ಟೇಪು ಹಾಕಿದೆ. ಬೆಳೆಗಾರರ ಹೊಟ್ಟೆ 96 ಸೆಂ.ಮೀ., ಆ ಹೆಂಗಸಿನದು 73.

ಹಾಗಾದರೆ 34ರ ಪ್ಯಾಂಟು? ಇಲ್ಲಿ ನಮ್ಮ ಭಾಷೆಯ ತೊಡಕೂ ಒಂದಿದೆ. ಕನ್ನಡದಲ್ಲಿ ‘ಸೊಂಟ’ ಎಂದರೆ ನಡುವೂ ಆಗುತ್ತದೆ, ಅದರ ಕೆಳಗಿನ ಅಗಲವಾದ ಭಾಗವೂ ಆಗುತ್ತದೆ. ದರ್ಜಿಗಳು ಅದಕ್ಕೇ ‘ವೇಸ್ಟ್’, ‘ಸೀಟು’ ಎಂದು ಬೇರೆಬೇರೆ ಹೇಳುತ್ತಾರೆ. ಗಂಡಸರಿಗೆ ವಯಸ್ಸಾದಂತೆ ಹೊಟ್ಟೆ ಮುಂದೆ ಬರುತ್ತದೆ, ಸೀಟು ಅಷ್ಟೇ ಇರುತ್ತದೆ, ಪ್ಯಾಂಟು ಹೊಟ್ಟೆಯ ಕೆಳಗೆ ಜಾರಿ ಕೂರುತ್ತದೆ. ಸೈಜು ಬದಲಾಗದೇ ಇರುವುದು ಹೀಗೆ. ಕೊಡವ ಗಂಡಸರ ಮಂಡಿಯುದ್ದದ ಕೋಟಾದ ಕುಪ್ಯದ ಮೇಲೆ ಚೇಲೆ ಎಂಬ ನಡುಪಟ್ಟಿ ಕಟ್ಟುವ ದಿನ ಮಾತ್ರ ನಿಜ ತಿಳಿಯುತ್ತದೆ, ಯಾಕೆಂದರೆ ಚೇಲೆ ಸುತ್ತುವುದು ನಡುವಿಗೆ. ಅಪ್ಪನ ಅಂಗಡಿಗೆ ಮದುವೆ ಕಾಲದಲ್ಲಿ, ಹೋದ ವರ್ಷ ಸರಿಯಾಗಿತ್ತಲ್ಲ ಎಂದು ಕುಪ್ಯ ಹಿಡಿದು ಬರುತ್ತಿದ್ದವರಲ್ಲಿ ಹೆಚ್ಚಿನವರು ನಲವತ್ತು ದಾಟಿದ ಗಂಡಸರು.

ಅಳೆಯುವ ಜಾಗ ಹೀಗೆ ಹುಡುಕಿ. ಪಕ್ಕದಲ್ಲಿ ಕೊನೆಯ ಪಕ್ಕೆಲುಬು ಬೆರಳಿಗೆ ಸಿಗುತ್ತದೆ, ಕೆಳಗೆ ಸೊಂಟದ ಮೂಳೆಯ ಮೇಲಂಚು ಸಿಗುತ್ತದೆ, ಎರಡರ ನಡುಮಧ್ಯೆ ಟೇಪು. ಬರಿ ಮೈಮೇಲೆ ಅಥವಾ ತೆಳು ಬನಿಯನ್ ಮೇಲೆ. ಸಹಜವಾಗಿ ಉಸಿರು ಬಿಟ್ಟ ಕೊನೆಯಲ್ಲಿ ಓದಬೇಕು, ಹೊಟ್ಟೆ ಎಳೆದುಕೊಂಡಾಗ ಅಲ್ಲ. ಟೇಪು ಹಿಂದೆ ಮುಂದೆ ಒಂದೇ ಮಟ್ಟದಲ್ಲಿರಲಿ, ಚರ್ಮ ಅದುಮಬಾರದು. ನಮ್ಮವರಿಗೆ ಎಚ್ಚರಿಕೆಯ ಗಡಿ ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80. ಇಂಚಿನಲ್ಲಿ ಸುಮಾರು ಮೂವತ್ತೈದೂವರೆ ಮತ್ತು ಮೂವತ್ತೊಂದೂವರೆ.

ಹೊಟ್ಟೆಯನ್ನು ಸೀಟಿನಿಂದ ಭಾಗಿಸುವ ಕ್ರಮವೂ ಇದೆ. ಗಂಡಸರಿಗೆ 0.90, ಹೆಂಗಸರಿಗೆ 0.85 ಗಡಿ. ಹೆಣ್ಣು ಗಂಡಿನ ಮೈಕಟ್ಟಿನ ವ್ಯತ್ಯಾಸ ಇಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ. ಹರೆಯದ ಹೆಣ್ಣಿನಲ್ಲಿ ಕೊಬ್ಬು ಸೀಟು ಮತ್ತು ತೊಡೆಯಲ್ಲಿ ಕೂರುತ್ತದೆ, ಮುಟ್ಟು ನಿಂತ ಮೇಲೆ ಹೊಟ್ಟೆಯ ಕಡೆ ಸರಿಯುತ್ತದೆ. ತೂಕ ಹಾಗೇ ಇದ್ದರೂ ಹಳೆಯ ರವಿಕೆಯ ಕೆಳಪಟ್ಟಿ ಬಿಗಿಯಾಗುವುದು ಇದೇ ಕಾರಣಕ್ಕೆ. ಆದರೆ ಇದರಲ್ಲಿ ಒಂದು ಕೊರತೆ ಇದೆ. ಹೊಟ್ಟೆ, ಸೀಟು ಎರಡೂ ಒಟ್ಟಿಗೆ ಬೆಳೆದರೆ ಭಾಗಲಬ್ಧ ಕದಲುವುದಿಲ್ಲ. ಹಾಗಾಗಿ ತಿಂಗಳು ತಿಂಗಳು ನೋಡಿಕೊಳ್ಳಲು ಹೊಟ್ಟೆಯ ಅಳತೆಯೊಂದೇ ಒಳ್ಳೆಯದು.

ಲೆಕ್ಕವೇ ಬೇಡ ಎನ್ನುವವರಿಗೆ ದಾರದ ಉಪಾಯ. ನಿಮ್ಮ ಎತ್ತರದಷ್ಟು ದಾರ ಕತ್ತರಿಸಿ, ಅರ್ಧಕ್ಕೆ ಮಡಿಸಿ ಹೊಟ್ಟೆಗೆ ಸುತ್ತಿ. ತುದಿಗಳು ಸೇರಬೇಕು. ಹೊಟ್ಟೆ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕೆಂಬ ಈ ಮಾತು ಗಂಡಸಿಗೂ ಹೆಂಗಸಿಗೂ ಒಂದೇ, ಐದು ವರ್ಷ ದಾಟಿದ ಮಕ್ಕಳಿಗೂ ಅನ್ವಯಿಸುತ್ತದೆ. ಲೈನ್ ಮನೆಗಳ ಆರೋಗ್ಯ ಶಿಬಿರಗಳಲ್ಲಿ ಅಂಕಿ ಓದಲು ಬಾರದ ಅಮ್ಮಂದಿರು ಇದನ್ನು ತಾವೇ ಮಾಡಿಕೊಂಡು ಮನೆಗೆ ಹೋಗಿ ಗಂಡನಿಗೂ ಮಾಡಿಸಿದ್ದಾರೆ.

ದರ್ಜಿಯ ಪುಸ್ತಕದ ಅಳತೆಯನ್ನೇ ತಂದು ಇದಕ್ಕೆ ಹೋಲಿಸಬೇಡಿ. ದರ್ಜಿ ಬರೆಯುವುದು ಬಟ್ಟೆಯ ಅಳತೆ, ಉಸಿರಾಡಲು, ಕೈ ಎತ್ತಲು ಬಿಡುವ ಲೂಸು ಅದರಲ್ಲಿ ಸೇರಿರಬಹುದು. ಹಳೆಯ ಬಟ್ಟೆ ಟೇಪು ಎಳೆದೂ ಎಳೆದೂ ಉದ್ದವಾಗಿರುತ್ತದೆ, ಸ್ಟೀಲ್ ಪಟ್ಟಿಯ ಪಕ್ಕ ಇಟ್ಟು ಪರೀಕ್ಷಿಸಿ. ಗರ್ಭಿಣಿಯರಿಗೆ ಈ ಗಡಿಗಳಾವುವೂ ಅಲ್ಲ.

ಕೊಬ್ಬು ತೋರಿಸುವ ತೂಕದ ಯಂತ್ರ

ಸೋಮವಾರಪೇಟೆಯ ಅಕ್ಕ ಕೇಳಿದ್ದು ಇದನ್ನೇ. ಬರಿಗಾಲಲ್ಲಿ ನಿಂತರೆ ಪಾದದಿಂದ ಪಾದಕ್ಕೆ ಸಣ್ಣ ವಿದ್ಯುತ್ ಹರಿಸುತ್ತದೆ. ನೀರಿರುವ ಮಾಂಸಖಂಡದಲ್ಲಿ ಅದು ಸುಲಭವಾಗಿ ಹರಿಯುತ್ತದೆ, ಕೊಬ್ಬಿನಲ್ಲಿ ತಡೆ ಹೆಚ್ಚು. ಆ ತಡೆಯಿಂದ ಯಂತ್ರ ಕೊಬ್ಬನ್ನು ಅಂದಾಜು ಮಾಡುತ್ತದೆ. ಮೈಯಲ್ಲಿ ನೀರು ಎಷ್ಟಿದೆ ಎನ್ನುವುದರ ಮೇಲೆ ಎಲ್ಲವೂ ನಿಂತಿದೆ. ಏಪ್ರಿಲ್ ಬಿಸಿಲಲ್ಲಿ ಪಂದ್ಯ ಆಡಿ ಬೆವರಿ ಬಂದ ಹುಡುಗನಿಗೆ ಇಲ್ಲದ ಕೊಬ್ಬು ತೋರಿಸುತ್ತದೆ. ಪಾದದಿಂದ ಪಾದಕ್ಕೆ ಹರಿಯುವುದರಿಂದ ಮುಖ್ಯವಾಗಿ ನೋಡುವುದು ಕಾಲನ್ನು, ಚಿಂತೆ ಇರುವ ಹೊಟ್ಟೆ ಅಂದಾಜಿಗೇ ಸೀಮಿತ.

ಎತ್ತರ, ವಯಸ್ಸು, ಹೆಣ್ಣೋ ಗಂಡೋ ಎಂದು ಅದು ಮೊದಲೇ ಕೇಳುತ್ತದಲ್ಲ, ಅದರ ಬಗ್ಗೆ ಯೋಚಿಸಿ. ಯಾರ ಮನೆಯಲ್ಲಾದರೂ ಇದ್ದರೆ ಹೀಗೆ ಮಾಡಿ. ಒಮ್ಮೆ ನಿಮ್ಮ ನಿಜವಾದ ವಿವರ ಹಾಕಿ ನಿಲ್ಲಿ. ಇಳಿದು ಹೆಣ್ಣು ಎಂದಿದ್ದನ್ನು ಗಂಡು ಎಂದು ಬದಲಿಸಿ, ಇಪ್ಪತ್ತು ವರ್ಷ ಕಡಿಮೆ ಮಾಡಿ ಮತ್ತೆ ನಿಲ್ಲಿ. ಐದು ನಿಮಿಷದಲ್ಲಿ ಮೈ ಬದಲಾಗಲಿಲ್ಲ, ಶೇಕಡಾವಾರು ಬದಲಾಯಿತು. ನಾನೇ ಮಾಡಿ ನೋಡಿದ್ದೇನೆ. ವಯಸ್ಸಿಗೆ ತಕ್ಕ, ಹೆಣ್ಣು ಗಂಡಿಗೆ ತಕ್ಕ ವ್ಯತ್ಯಾಸವನ್ನು ನೋಡಲು ಹೊರಟವರಿಗೆ ಇದು ನೋಡಿ ಹೇಳುವ ಸಾಧನವಲ್ಲ, ಕೇಳಿ ಹೇಳುವ ಸಾಧನ.

ಆರೋಗ್ಯವಂತ ದೊಡ್ಡವರು, ದಿನವೂ ಬೆಳಿಗ್ಗೆ ಎದ್ದು ಖಾಲಿ ಹೊಟ್ಟೆಯಲ್ಲಿ ನಿಂತು, ಆರು ತಿಂಗಳ ಏರಿಳಿತ ನೋಡುವುದಾದರೆ ಕೊಳ್ಳಲಿ. ಎರಡು ಮೂರು ಸಾವಿರದೊಳಗೆ ಬರುತ್ತದೆ. ಎದೆಯಲ್ಲಿ ಪೇಸ್‌ಮೇಕರ್ ಇರುವವರು, ಗರ್ಭಿಣಿಯರು ಹತ್ತಬಾರದು. ಹನ್ನೆರಡು ವರ್ಷದ ಹುಡುಗಿಗಂತೂ ಬೇಡವೇ ಬೇಡ.

ಆ ಹುಡುಗಿಗೆ ಏನು ಬೇಕು

ಹುಡುಗಿಯರು ಅತಿ ವೇಗವಾಗಿ ಎತ್ತರ ಬೆಳೆಯುವುದು ಸುಮಾರು 12ರ ಹೊತ್ತಿಗೆ, ಹುಡುಗರು ಸುಮಾರು 14ಕ್ಕೆ. ಆರು, ಏಳನೇ ಕ್ಲಾಸಿನ ಸಾಲಿನಲ್ಲಿ ಹುಡುಗಿಯರೇ ಎತ್ತರವಾಗಿ ಕಾಣುವುದು ಅದಕ್ಕೆ. ಈ ಹೊತ್ತಿನಲ್ಲಿ ಹುಡುಗಿಯ ಮೈಯಲ್ಲಿ ಕೊಬ್ಬು ಸೇರುವುದು ಸಹಜ, ಬೇಕಾದದ್ದೂ ಹೌದು. ಹುಡುಗನಿಗೆ ಮಾಂಸಖಂಡ, ಹೆಗಲ ಅಗಲ ಬರುತ್ತದೆ. ಇಬ್ಬರನ್ನೂ ಒಂದೇ ಅಂಕಿಯಿಂದ ತೂಗುವುದು ಅನ್ಯಾಯ.

ಹಾಗಾಗಿ 23, 25 ಎಂಬ ದೊಡ್ಡವರ ಗಡಿಯನ್ನು ಮಕ್ಕಳಿಗೆ ನೇರವಾಗಿ ಹಾಕಲೇಬೇಡಿ. ಭಾರತದ ಮಕ್ಕಳ ವೈದ್ಯರ ಸಂಘ 2015ರಲ್ಲಿ 5ರಿಂದ 18 ವರ್ಷದ ಹುಡುಗರಿಗೂ ಹುಡುಗಿಯರಿಗೂ ಬೇರೆಬೇರೆ ಬೆಳವಣಿಗೆಯ ನಕ್ಷೆ ಕೊಟ್ಟಿದೆ. ಮಕ್ಕಳ ಡಾಕ್ಟರ ಬಳಿ ಇರುತ್ತದೆ. ಮೂರು ತಿಂಗಳಿಗೊಮ್ಮೆ ಎತ್ತರ, ತೂಕ ಬರೆದು, ಅದರಲ್ಲಿ ಚುಕ್ಕಿ ಇಡಿ. ಚುಕ್ಕಿಗಳು ತಮ್ಮ ಗೆರೆಯ ಪಕ್ಕದಲ್ಲೇ ಏರುತ್ತಿದ್ದರೆ ಮಗಳ ತಟ್ಟೆಯಿಂದ ಏನನ್ನೂ ತೆಗೆಯಬೇಕಾಗಿಲ್ಲ. ಗೆರೆ ದಾಟಿ ಮೇಲಕ್ಕೋ ಕೆಳಕ್ಕೋ ಹೋದರೆ ಡಾಕ್ಟರಿಗೆ ತೋರಿಸಿ. ಅಕ್ಕ, ದಪ್ಪ ಎನ್ನುವ ಮಾತು ಮಗಳ ಕಿವಿಗೆ ಬೀಳದಿರಲಿ.

ಐದು ವರ್ಷದೊಳಗಿನವರಿಗೆ ಅಂಗನವಾಡಿಯೇ ಸರಿ. ಅಲ್ಲಿ ಬಳಸುವ ವಿಶ್ವ ಆರೋಗ್ಯ ಸಂಸ್ಥೆಯ 2006ರ ಮಾನದಂಡಕ್ಕೆ ಅಳೆದ ಆರು ದೇಶಗಳ ಮಕ್ಕಳಲ್ಲಿ ನಮ್ಮ ದೆಹಲಿಯ ಮಕ್ಕಳೂ ಇದ್ದರು. ಎರಡು ವರ್ಷದವರೆಗೆ ಮಲಗಿಸಿ ಉದ್ದ, ಆಮೇಲೆ ನಿಲ್ಲಿಸಿ ಎತ್ತರ. ಎರಡಕ್ಕೂ ಸುಮಾರು 0.7 ಸೆಂ.ಮೀ. ಅಂತರ ಬರುತ್ತದೆ, ಮಗು ಕುಗ್ಗಿತು ಎಂದು ಗಾಬರಿಯಾಗಬೇಡಿ. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ತೋಳಿನ ನಡುಭಾಗದ ಸುತ್ತಳತೆ 12.5 ಸೆಂ.ಮೀ.ಗಿಂತ ಕಡಿಮೆಯಾದರೆ ಅಪೌಷ್ಟಿಕತೆಯ ಸೂಚನೆ, 11.5ಕ್ಕಿಂತ ಕಡಿಮೆಯಾದರೆ ಅಂದೇ ಆಸ್ಪತ್ರೆಗೆ. ಗಂಡು ಮಗು, ಹೆಣ್ಣು ಮಗು ಇಬ್ಬರಿಗೂ ಒಂದೇ ಅಂಕಿ ಸಾಕಾಗುವುದು ಈ ವಯಸ್ಸಿನಲ್ಲಿ.

ಚಿಮುಟ, ಸ್ಕ್ಯಾನು, ಫೋನಿನ ಕ್ಯಾಮೆರಾ

ಚರ್ಮವನ್ನು ಮಡಿಸಿ ಹಿಡಿದು ದಪ್ಪ ಅಳೆಯುವ ಕ್ಯಾಲಿಪರ್ ಕ್ರೀಡಾ ತರಬೇತುದಾರರಿಗೆ ಪರಿಚಿತ. ತೋಳಿನ ಮುಂದೆ, ಹಿಂದೆ, ಹೆಗಲ ಮೂಳೆಯ ಕೆಳಗೆ, ಸೊಂಟದ ಮೂಳೆಯ ಮೇಲೆ, ಹೀಗೆ ನಾಲ್ಕು ಕಡೆ. ಇದರಿಂದ ಕೊಬ್ಬಿನ ಶೇಕಡಾವಾರು ತೆಗೆಯುವ ಪ್ರಸಿದ್ಧ ಕೋಷ್ಟಕ 1974ರದ್ದು, 16ರಿಂದ 72 ವರ್ಷದ 481 ಜನರನ್ನು ಅಳೆದು ಡರ್ನಿನ್ ಮತ್ತು ವೊಮರ್ಸ್ಲಿ ಎಂಬವರು ಮಾಡಿದ್ದು. ವಯಸ್ಸಿಗೂ ಲಿಂಗಕ್ಕೂ ಬೇರೆಬೇರೆ ಸಾಲು ಅದರಲ್ಲಿದೆ. ಯಾಕೆಂದರೆ ವಯಸ್ಸಾದಂತೆ ಕೊಬ್ಬು ಚರ್ಮದಡಿಯಿಂದ ಒಳಕ್ಕೆ ಇಳಿಯುತ್ತದೆ, ಮಡಿಕೆ ಅಷ್ಟೇ ದಪ್ಪವಿದ್ದರೂ ಒಟ್ಟು ಕೊಬ್ಬು ಹೆಚ್ಚಿರುತ್ತದೆ. ಪಳಗಿದ ಕೈ ಇದ್ದರೆ ಮಾತ್ರ ಕೊಳ್ಳಿ. ಶೇಕಡಾವಾರು ಬಿಟ್ಟು ನಾಲ್ಕು ಕಡೆಯ ಮಿಲಿಮೀಟರ್ ಕೂಡಿಸಿ ಬರೆದಿಡಿ. ಹುಡುಗಿಯರನ್ನು ಅಳೆಯುವುದಾದರೆ ಶಿಕ್ಷಕಿಯೇ ಅಳೆಯಬೇಕು, ಬಾಗಿಲು ಮುಚ್ಚಿದ ಕೋಣೆಯಲ್ಲಿ, ಇನ್ನೊಬ್ಬ ಹೆಂಗಸು ಜೊತೆಗಿದ್ದು.

ಡೆಕ್ಸಾ ಸ್ಕ್ಯಾನು ಅತಿ ಕಡಿಮೆ ಪ್ರಮಾಣದ ಎಕ್ಸ್‌ರೇಯಿಂದ ಮೂಳೆ, ಕೊಬ್ಬು, ಉಳಿದ ಅಂಗಾಂಶ ಬೇರೆಬೇರೆ ತೋರಿಸುತ್ತದೆ. ಮಡಿಕೇರಿಯಲ್ಲೇ ವಿಚಾರಿಸಿ, ಸಿಗದಿದ್ದರೆ ಮೈಸೂರೋ ಮಂಗಳೂರೋ. ಹೋಗುವ ಮೊದಲು ಫೋನ್ ಮಾಡಿ ಒಂದು ಮಾತು ಕೇಳಿ: ಮೂಳೆಗೆ ಮಾತ್ರವೋ, ಇಡೀ ಮೈಯದೋ? ಬೆನ್ನುಮೂಳೆ ಮತ್ತು ಸೊಂಟದ ಸ್ಕ್ಯಾನು ಮಾಡಿಸಿಕೊಂಡು ಬಂದು ಕೊಬ್ಬಿನ ಅಂಕಿ ಎಲ್ಲಿ ಎಂದು ಹುಡುಕಿದವರಿದ್ದಾರೆ. ಕುತೂಹಲಕ್ಕಾಗಿ ಇದರ ಖರ್ಚು ಬೇಡ. ಮುಟ್ಟು ನಿಂತ ಹೆಂಗಸರಿಗೆ ಮೂಳೆ ಸವೆತದ ಅನುಮಾನವಿದ್ದರೆ ಮಾತ್ರ ತಡಮಾಡಬೇಡಿ.

ಮೈಯನ್ನು ಸುತ್ತ ಸ್ಕ್ಯಾನ್ ಮಾಡಿ ಮೂರು ಆಯಾಮದ ಆಕಾರ ತೆಗೆಯುವುದು ಬಟ್ಟೆ ಉದ್ಯಮದ ಕೆಲಸ. ಅಮೆರಿಕ, ನೆದರ್ಲೆಂಡ್ಸ್, ಇಟಲಿಯಲ್ಲಿ ಸುಮಾರು 2000ದ ಹೊತ್ತಿಗೇ ಆಯಿತು. ನಮ್ಮಲ್ಲಿ ಫ್ಯಾಷನ್ ಕಲಿಸುವ ರಾಷ್ಟ್ರೀಯ ಸಂಸ್ಥೆ ನಿಫ್ಟ್ ಬೆಂಗಳೂರೂ ಸೇರಿ ಆರು ನಗರಗಳಲ್ಲಿ 15ರಿಂದ 65 ವರ್ಷದ 25 ಸಾವಿರ ಜನರನ್ನು ಅಳೆಯುವ ‘ಇಂಡಿಯಾಸೈಜ್’ ಯೋಜನೆ ಹಾಕಿಕೊಂಡಿತು, ರೆಡಿಮೇಡ್ ಬಟ್ಟೆಗೆ ನಮ್ಮದೇ ಸೈಜು ಬೇಕೆಂದು. ಮನೆಯ ಮಟ್ಟಿಗೆ ಇದರ ಹೆಸರಲ್ಲಿ ಬರುವ ಫೋನಿನ ಆ್ಯಪುಗಳು ಬಿಗಿ ಬಟ್ಟೆಯ ಫೋಟೋ ಕೇಳುತ್ತವೆ. ಹೆಣ್ಣುಮಕ್ಕಳ ಅಂಥ ಫೋಟೋ ಎಲ್ಲಿ ಹೋಗಿ ಸೇರುತ್ತದೆ ಎಂದು ತಿಳಿಯದೆ ತೆಗೆಯಬೇಡಿ.

ಅಜ್ಜ ಅಜ್ಜಿಯರಿಗೆ

ಯಾರೂ ಕೇಳದಿದ್ದರೂ ಇದನ್ನು ಬರೆಯಬೇಕು. ನಲವತ್ತರ ನಂತರ ಹತ್ತು ವರ್ಷಕ್ಕೆ ಸುಮಾರು ಒಂದು ಸೆಂ.ಮೀ.ನಂತೆ ಎತ್ತರ ಕುಗ್ಗುತ್ತದೆ, ಎಪ್ಪತ್ತರ ನಂತರ ಇನ್ನೂ ಬೇಗ. ಮದುವೆಯ ದಿನ ಮಂಡಿಗೆ ನಿಂತ ಕುಪ್ಯ ಎಪ್ಪತ್ತೈದರಲ್ಲಿ ಮಂಡಿ ಮುಚ್ಚುತ್ತದೆ. ಎತ್ತರ ಕುಗ್ಗಿದಾಗ ಬಿಎಂಐ ತಾನೇ ಏರುತ್ತದೆ, ಇನ್ನೊಂದು ಕಡೆ ಮಾಂಸಖಂಡ ಕರಗಿ ತೂಕ ಇಳಿಯುತ್ತದೆ. ಒಂದು ಇನ್ನೊಂದನ್ನು ಮುಚ್ಚಿ ಅಂಕಿ ‘ಸರಿ’ ಎಂದು ತೋರಿಸಿಬಿಡುತ್ತದೆ. ಇವರಿಗೆ ಮೀನಖಂಡದ ಅತಿ ದಪ್ಪ ಭಾಗಕ್ಕೆ ಟೇಪು ಹಾಕಿ. ಏಷ್ಯಾದ ತಜ್ಞರ ಗುಂಪು 2019ರಲ್ಲಿ ಕೊಟ್ಟ ಗಡಿ ಗಂಡಸರಿಗೆ 34 ಸೆಂ.ಮೀ., ಹೆಂಗಸರಿಗೆ 33. ಅದಕ್ಕಿಂತ ಕಡಿಮೆ ಇದ್ದರೆ ಮಾಂಸಖಂಡ ಕರಗುತ್ತಿರಬಹುದು, ಕಾಲು ಊದಿದ್ದರೆ ಈ ಅಳತೆ ನಂಬಬೇಡಿ. ಹರೆಯದ ಎತ್ತರಕ್ಕಿಂತ ನಾಲ್ಕು ಸೆಂ.ಮೀ. ಕಡಿಮೆಯಾಗಿದ್ದರೆ ಬೆನ್ನುಮೂಳೆ ಸದ್ದಿಲ್ಲದೆ ಮುರಿದಿರಬಹುದು, ಡೆಕ್ಸಾಕ್ಕೆ ಖರ್ಚು ಮಾಡಬೇಕಾದದ್ದು ಆಗ.

ಸಂಘದ ಹತ್ತು ಸಾವಿರ

ನಾಪೋಕ್ಲಿನವರಿಗೆ ನಾನು ಹೇಳಿದ್ದು ಇಷ್ಟು. ಗೋಡೆಗೆ ಹೊಡೆಯುವ ಎತ್ತರದ ಪಟ್ಟಿ ಒಂದು, ಕೊಬ್ಬು ತೋರಿಸದ ಸಾದಾ ಡಿಜಿಟಲ್ ತೂಕದ ಯಂತ್ರ ಒಂದು, ಎಳೆದರೆ ಹಿಗ್ಗದ ಟೇಪು ಎರಡು, ಗಟ್ಟಿ ಮರದ ಸ್ಟೂಲು ಒಂದು. ಸ್ಟೂಲು ಯಾಕೆಂದರೆ ಮಕ್ಕಳನ್ನು ಅದರ ಮೇಲೆ ಗೋಡೆಗೆ ಒರಗಿಸಿ ಕೂರಿಸಿ, ಕೂತ ಎತ್ತರವನ್ನೂ ಬರೆಯಬೇಕು. ಹರೆಯದಲ್ಲಿ ಮೊದಲು ಉದ್ದವಾಗುವುದು ಕಾಲು, ಆಮೇಲೆ ಮುಂಡ. ನಿಂತ ಎತ್ತರ ಏರಿ ಕೂತ ಎತ್ತರ ಏರದಿದ್ದರೆ ಆ ಹುಡುಗನ ಕಾಲು ಬೆಳೆಯುತ್ತಿದೆ ಎಂದು ಅರ್ಥ. ಚೆಂಡು ತಪ್ಪುತ್ತದೆ, ಮಂಡಿಯ ಕೆಳಗೆ, ಹಿಮ್ಮಡಿಯಲ್ಲಿ ನೋವು ಎನ್ನುತ್ತಾನೆ. ಸೋಮಾರಿ ಎಂದು ತಂಡದಿಂದ ಬಿಡಬೇಡಿ, ಓಟ ಕಡಿಮೆ ಮಾಡಿ ಕೆಲವು ತಿಂಗಳು ಕಾಯಿರಿ.

ಇದಕ್ಕೆಲ್ಲ ನಾಲ್ಕೈದು ಸಾವಿರ ಸಾಕು. ಉಳಿದ ಹಣದಲ್ಲಿ ಹುಡುಗಿಯರನ್ನು ಅಳೆಯುವ ಮೂಲೆಗೆ ಒಂದು ದಪ್ಪ ಪರದೆ, ಅಳತೆ ಪುಸ್ತಕ ಇಡಲು ಬೀಗ ಹಾಕುವ ಪೆಟ್ಟಿಗೆ. ಪುಸ್ತಕದಲ್ಲಿ ಒಂದು ಮಗುವಿಗೆ ಒಂದು ಪುಟ, ಹುಟ್ಟಿದ ತಾರೀಕು, ಅಳೆದ ತಾರೀಕು, ಅಳೆದವರ ಹೆಸರು. ಬೆಳಿಗ್ಗೆಯಾದರೆ ಪ್ರತಿಸಲವೂ ಬೆಳಿಗ್ಗೆಯೇ ಅಳೆಯಿರಿ, ಸಂಜೆಗೆ ಎತ್ತರ ಸ್ವಲ್ಪ ಇಳಿದಿರುತ್ತದೆ.